ಹುಡುಗಿಗೆ ಮತ್ತೆ ಜ್ಞಾನಸ್ನಾನವೇಕೆ?



ಕೆಲವು ವರ್ಷಗಳ ಹಿಂದಿನ ಮಾತು. ಸಂಜೆಯ ಪೂಜೆ ಮುಗಿಸಿ ಬರುವಾಗ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಗುರುನಿವಾಸದ ಬಾಗಿಲಲ್ಲಿ ಕಾದು ನಿಂತಿದ್ದರು. ಕೈಯಲ್ಲಿ ಜಪಸರ, ಮುಖದಲ್ಲಿ ಚಿಂತೆ. ಅವರ ಮಗ ಸಿ.ಎಸ್.ಐ. ಸಭೆಯ ಹುಡುಗಿಯನ್ನು ಮೆಚ್ಚಿದ್ದ. ಹುಡುಗಿ ಒಳ್ಳೆಯವಳು, ಮನೆತನವೂ ಒಳ್ಳೆಯದು. ಅದಕ್ಕೆಲ್ಲ ತಾಯಿಯ ತಕರಾರಿರಲಿಲ್ಲ.

"ಸ್ವಾಮಿ, ಮದುವೆಗೆ ಮೊದಲು ಅವಳಿಗೊಂದು ಜ್ಞಾನಸ್ನಾನ ಕೊಟ್ಟುಬಿಡಿ. ಆಮೇಲೆ ನೆಂಟರು ಯಾರೂ ಏನೂ ಅನ್ನೋದಿಲ್ಲ."

"ಆಗೋದಿಲ್ಲಮ್ಮ."

"ಹುಡುಗಿ ಒಪ್ಪಿಕೊಂಡಿದಾಳೆ ಸ್ವಾಮಿ."

"ಅವಳು ಒಪ್ಪಿದರೂ ನಾನು ಕೊಡುವ ಹಾಗಿಲ್ಲ. ಅವಳಿಗೆ ಆಗಲೇ ಆಗಿದೆಯಲ್ಲ."

"ಅದು ಅವರದು ಸ್ವಾಮಿ!"

'ಅವರದು' ಎಂಬ ಆ ಮಾತು ಅಂದಿನಿಂದ ನನ್ನ ಕಿವಿಯಲ್ಲೇ ಉಳಿದಿದೆ.

ನೀರಿನಿಂದ, ಪಿತ, ಪುತ್ರ ಹಾಗೂ ಪವಿತ್ರಾತ್ಮರ ನಾಮದಲ್ಲಿ ಕೊಟ್ಟ ಸ್ನಾನಸಂಸ್ಕಾರಕ್ಕೆ ಎರಡನೆಯ ಸಲವಿಲ್ಲ. ಬೇರೊಂದು ಕ್ರೈಸ್ತ ಸಭೆಯಲ್ಲಿ ಅದನ್ನು ಪಡೆದವರಿಗೆ, ಗಂಭೀರವಾದ ಸಂದೇಹವಿಲ್ಲದ ಹೊರತು, ಷರತ್ತಿನ ಮೇಲೂ ಮತ್ತೆ ಕೊಡಬಾರದೆಂದು ನಮ್ಮ ಧರ್ಮಸಭೆಯ ಕಾನೂನೇ ಹೇಳುತ್ತದೆ. ಇದು ಹೊಸದಾಗಿ ಹುಟ್ಟಿದ ಉದಾರತೆಯಲ್ಲ. ಪೇತ್ರನ ಕೈಯಿಂದ ಪಡೆದರೂ ಯೂದನ ಕೈಯಿಂದ ಪಡೆದರೂ ಆ ಸಂಸ್ಕಾರವನ್ನು ನಿಜವಾಗಿ ಕೊಡುವವರು ಕ್ರಿಸ್ತರೇ ಎಂದು ಸಂತ ಅಗಸ್ಟೀನರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ವಾದಿಸಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್‌ನಲ್ಲಿ ಕ್ರೈಸ್ತೈಕ್ಯವನ್ನು ಕುರಿತ ತನ್ನ ಶಾಸನವನ್ನು ಹೊರಡಿಸಿದಾಗ, ಈ ಸ್ನಾನದ ಆಧಾರದ ಮೇಲೆಯೇ ಬೇರೆ ಸಭೆಗಳ ಕ್ರೈಸ್ತರನ್ನು ನಮ್ಮ ಸಹೋದರರೆಂದು ಕರೆಯಿತು. ಆದ್ದರಿಂದ ಆ ಹುಡುಗಿಯ ತಲೆಯ ಮೇಲೆ ಇನ್ನೊಮ್ಮೆ ನೀರು ಹೊಯ್ದಿದ್ದರೆ ನಾನು ಅವಳ ಸಭೆಯನ್ನಷ್ಟೇ ಅಲ್ಲ, ನಮ್ಮ ನಂಬಿಕೆಯನ್ನೇ ಅಲ್ಲಗಳೆದಂತಾಗುತ್ತಿತ್ತು.

ನಾವು 'ಅವರದು' ಎನ್ನುವುದರಲ್ಲಿ ನಮ್ಮ ಉಪಯೋಗಕ್ಕೆ ಬಂದದ್ದು ಎಷ್ಟಿದೆ ನೋಡಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಪ್ರಸಂಗ ಬರೆಯಲು ಕುಳಿತಾಗ ಒಂದು ಶಬ್ದದ ಅರ್ಥ ತಿಳಿಯದಿದ್ದರೆ ನಾನು ಇವತ್ತಿಗೂ ತೆರೆಯುವುದು ಅದನ್ನೇ. ಆಗ ಮಾತ್ರ ಅದು 'ಅವರದು' ಎಂಬುದು ನೆನಪಾಗುವುದಿಲ್ಲ!

ಪ್ರತಿ ವರ್ಷ ಜನವರಿ 18ರಿಂದ ಸಂತ ಪೌಲರ ಮನಪರಿವರ್ತನೆಯ ಹಬ್ಬವಾದ 25ರವರೆಗೆ ಕ್ರೈಸ್ತೈಕ್ಯದ ಪ್ರಾರ್ಥನಾ ಸಪ್ತಾಹ ನಡೆಯುತ್ತದೆ. 1908ರಲ್ಲಿ ಆರಂಭವಾದ ಪದ್ಧತಿ ಇದು. ನಮ್ಮ ಊರಿನಲ್ಲೂ ಒಂದು ಸಂಜೆ ಎಲ್ಲರೂ ಸೇರುತ್ತೇವೆ. ಆ ಸಂಜೆ ಪ್ರಭು ಕಲಿಸಿದ ಪ್ರಾರ್ಥನೆಯ ಮೊದಲ ಶಬ್ದದಲ್ಲೇ ನಾವು ಎಡವುತ್ತೇವೆ. ನಾವು 'ಸ್ವರ್ಗ' ಎಂದರೆ ಅವರು 'ಪರಲೋಕ' ಎನ್ನುತ್ತಾರೆ. ನಾವು ತಂದೆಯನ್ನು 'ನಿಮ್ಮ' ಎಂದು ಬಹುವಚನದಲ್ಲಿ ಕರೆದರೆ ಅವರು 'ನಿನ್ನ' ಎಂದು ಸಲುಗೆಯಿಂದ ಕರೆಯುತ್ತಾರೆ. ಕೊನೆಗೆ ನಾವು ನಿಲ್ಲಿಸುತ್ತೇವೆ, ಅವರು ರಾಜ್ಯವೂ ಶಕ್ತಿಯೂ ಮಹಿಮೆಯೂ ದೇವರದೆಂದು ಮುಂದುವರಿಸುತ್ತಾರೆ. ನಮ್ಮವರು ಬಾಯಿ ಮುಚ್ಚಿಕೊಂಡು ಅತ್ತಿತ್ತ ನೋಡುತ್ತಾರೆ. ಪೂಜೆಯಲ್ಲಿ ಸ್ವಲ್ಪ ಹೊತ್ತಿನ ನಂತರ ನಾವೂ ಅದೇ ಮಾತುಗಳನ್ನು ಹೇಳುತ್ತೇವೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಮಕ್ಕಳಿಗೆ ನಗು ಬರುತ್ತದೆ. ಬರಲಿ ಬಿಡಿ. ಎಡವುತ್ತಾದರೂ ಒಟ್ಟಿಗೆ ಹೇಳುತ್ತೇವಲ್ಲ.

ಆದರೆ ವರ್ಷಕ್ಕೊಂದು ಸಂಜೆ ಸೇರಿ, ಚಹಾ ಕುಡಿದು, ಕೈಕುಲುಕಿ ಮನೆಗೆ ಹೋದರೆ ಸಾಕೇ? ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2008ರ ಸೆಪ್ಟೆಂಬರ್ 14, ಭಾನುವಾರ. ಪವಿತ್ರ ಶಿಲುಬೆಯ ಹಬ್ಬದ ದಿನ. ಅಂದು ಮಂಗಳೂರಿನಲ್ಲಿ ಕ್ಲಾರಾ ಭಗಿನಿಯರ ಆರಾಧನಾ ಮಠದ ಮೇಲೆ ದಾಳಿಯಾಯಿತು. ಬೇರೆ ಸಭೆಗಳ ಪ್ರಾರ್ಥನಾ ಮಂದಿರಗಳ ಮೇಲೂ ಆಯಿತು. ಆ ವಾರ ಪರಿಚಯದವರು ಯಾರಾದರೂ ಕೇಳಿದರೆ ನಾನು ಏನು ಹೇಳುತ್ತಿದ್ದೆ ಗೊತ್ತೇ? "ನಾವು ಕಥೋಲಿಕರು. ಆ ಹೊಸ ಸಭೆಯವರಿಗೂ ನಮಗೂ ಸಂಬಂಧವಿಲ್ಲ" ಎನ್ನುತ್ತಿದ್ದೆ. ಅವರ ಬೋಧನೆಯಲ್ಲಿ ನಾನು ಒಪ್ಪದ ವಿಷಯಗಳು ಇದ್ದುದು ನಿಜ, ಇಂದಿಗೂ ಇವೆ. ಆದರೆ ನಾನು ಹಾಗೆ ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಅಂಜಿಕೆಯಿಂದ. ಅಂಗಳದ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ 'ಆತನನ್ನು ನಾನರಿಯೆ' ಎಂದ ಪೇತ್ರನಿಗೂ ನನಗೂ ಏನು ವ್ಯತ್ಯಾಸ? ಕಲ್ಲು ಎಸೆದವರು ನಮ್ಮ ನಮ್ಮ ಸಭೆಯ ಹೆಸರು ಕೇಳಲಿಲ್ಲ. ಕೇಳಿದವನು ನಾನು. ಎಲ್ಲ ಸಭೆಗಳವರ ರಕ್ತವೂ ಒಂದೇ, ಕೊಲ್ಲುವವರು ಭೇದ ಮಾಡುವುದಿಲ್ಲ ಎಂಬರ್ಥದ ಮಾತನ್ನು 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು ಮತ್ತೆ ಮತ್ತೆ ಹೇಳುತ್ತಿದ್ದರು. ಅದನ್ನು ಓದಿದಾಗಲೆಲ್ಲ ಆ ವಾರ ನೆನಪಾಗಿ ತಲೆ ತಗ್ಗುತ್ತದೆ.

ಇನ್ನೊಂದು ವಿಷಯ. 2013ರ ಸಪ್ತಾಹದ ಪ್ರಾರ್ಥನೆಗಳನ್ನು ಇಡೀ ಜಗತ್ತಿಗಾಗಿ ಸಿದ್ಧಪಡಿಸಿದವರು ನಮ್ಮ ದೇಶದವರೇ, ಭಾರತದ ಕ್ರೈಸ್ತ ವಿದ್ಯಾರ್ಥಿ ಚಳವಳಿಯವರು. ಕಥೋಲಿಕ ವಿದ್ಯಾರ್ಥಿ ಸಂಘಟನೆಯವರೂ ಅವರೊಡನೆ ಕುಳಿತಿದ್ದರು. ಆರಿಸಿಕೊಂಡ ವಾಕ್ಯ ಪ್ರವಾದಿ ಮೀಕನದು: ದೇವರು ನಮ್ಮಿಂದ ಕೇಳುವುದು ಸಾವಿರಾರು ಟಗರುಗಳ ಬಲಿಯನ್ನಲ್ಲ, ನ್ಯಾಯವನ್ನು, ಕರುಣೆಯನ್ನು, ತನ್ನೊಡನೆ ನಮ್ರವಾಗಿ ನಡೆಯುವುದನ್ನು. ಆ ಯುವಜನರು ಅದನ್ನು ನೇರವಾಗಿ ದಲಿತರ ಬದುಕಿಗೆ ತಂದು ನಿಲ್ಲಿಸಿದರು. ಸಭೆ ಸಭೆಗಳು ಒಂದಾಗಬೇಕೆಂದು ಹಾಡುವ ನಾವು ಒಂದೇ ಸಭೆಯೊಳಗೆ ಜಾತಿ ನೋಡುವುದಿಲ್ಲವೇ? ದಕ್ಷಿಣ ಭಾರತದ ಕೆಲವು ಊರುಗಳಲ್ಲಿ ಸಮಾಧಿ ಭೂಮಿಯಲ್ಲೂ ಗೋಡೆ ಎದ್ದದ್ದುಂಟು. ಆ ತಾಯಿಯ ಮಗ ಮೆಚ್ಚಿದ್ದ ಹುಡುಗಿ ನಮ್ಮದೇ ಧರ್ಮಕೇಂದ್ರದವಳಾಗಿದ್ದು ಬೇರೆ ಜಾತಿಯವಳಾಗಿದ್ದರೆ? ಗುರುನಿವಾಸದ ಬಾಗಿಲಿಗೆ ಬಂದು ಜ್ಞಾನಸ್ನಾನ ಕೇಳುತ್ತಿರಲಿಲ್ಲ. ಮದುವೆಯನ್ನೇ ನಿಲ್ಲಿಸಲು ನೋಡುತ್ತಿದ್ದರೋ ಏನೋ. ಎರಡೂ ಗೋಡೆಗಳ ಇಟ್ಟಿಗೆ ಒಂದೇ ಗೂಡಿನದು.

ಪರಸ್ಪರರ ಮನೆಯ ಸಾವಿಗೆ ಹೋಗೋಣ. ಅವರ ಅಯ್ಯನವರು ಪ್ರಾರ್ಥಿಸುವಾಗ ಹೊರಗೆ ಮರದ ಕೆಳಗೆ ನಿಂತು ಹರಟುವ ಬದಲು ಒಳಗೆ ಕುಳಿತುಕೊಳ್ಳೋಣ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ನಮ್ಮ ವಿನ್ಸೆಂಟ್ ದೆ ಪೌಲ್ ಸಭೆಯವರು ಹೋಗುತ್ತಾರೆ, ಅವರ ಸ್ತ್ರೀಸಂಘದವರೂ ಹೋಗುತ್ತಾರೆ. ಒಂದೇ ಆಟೋದಲ್ಲಿ ಹೋದರೆ ಬಾಡಿಗೆಯಾದರೂ ಉಳಿಯುತ್ತದೆ.

ಆ ಮದುವೆ ಧರ್ಮಾಧ್ಯಕ್ಷರ ಅನುಮತಿ ಪಡೆದು ನಮ್ಮ ದೇವಾಲಯದಲ್ಲೇ ನಡೆಯಿತು. ಹುಡುಗಿಯ ಸಭೆಯ ಅಯ್ಯನವರೂ ಬಂದು ಆಶೀರ್ವದಿಸಿದರು. ಈಗ ಸೊಸೆ ಕೆಲವು ಭಾನುವಾರ ತನ್ನ ಸಭೆಯ ಆರಾಧನೆಗೆ ಹೋಗುತ್ತಾಳೆ, ಕೆಲವು ಭಾನುವಾರ ಅತ್ತೆಯ ಜೊತೆ ಪೂಜೆಗೆ ಬರುತ್ತಾಳೆ. ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಸಾಲಿನಲ್ಲಿ ಬಂದಾಗ ಅವಳೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನಲ್ಲೇ ಕುಳಿತಿರುತ್ತಾಳೆ.

ಕಳೆದ ಸಲ ಆ ತಾಯಿ ಮತ್ತೆ ಬಾಗಿಲಲ್ಲಿ ನಿಂತಿದ್ದರು. "ಅವಳ ಜ್ಞಾನಸ್ನಾನ ನಮ್ಮದೇ ಅಂದಿರಲ್ಲ ಸ್ವಾಮಿ. ಹಾಗಾದರೆ ಪ್ರಸಾದ ಯಾಕಿಲ್ಲ?"

ಒಂದೇ ಪೀಠದಿಂದ ಉಣ್ಣುವುದು ವಿಶ್ವಾಸದಲ್ಲೂ ಧರ್ಮಸಭೆಯಲ್ಲೂ ಪೂರ್ಣವಾಗಿ ಒಂದಾಗಿರುವುದರ ಗುರುತು, ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ ಎಂದು ವಿವರಿಸಿದೆ. ಧರ್ಮಸಭೆಯ ಬೋಧನೆ ಅದು, ನಾನು ಅದನ್ನು ನಂಬುತ್ತೇನೆ. ತಾಯಿ ತಾಳ್ಮೆಯಿಂದ ಕೇಳಿಸಿಕೊಂಡರು.

"ಎಲ್ಲೀವರೆಗೆ ಸ್ವಾಮಿ?" ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬರುವ ಜನವರಿಯ ಪ್ರಾರ್ಥನೆಯಲ್ಲಿ ಶುಭಸಂದೇಶದ ಮೊದಲಿನ ವಾಚನವನ್ನು ಸೊಸೆ ಓದಲಿ ಎಂದೆ. ಒಪ್ಪಿಕೊಂಡು ಹೋಗಿದ್ದಾರೆ.