ದಿಗ್ಬಂಧನಕ್ಕೆ ಎಷ್ಟು ದಿಕ್ಕು?

ಬೇಡದ್ದು ಒಳಗೆ ಬಾರದಿರಲೆಂದು ಪೂಜೆಗೆ ಕೂತವರು ಎಂಟೂ ದಿಕ್ಕಿಗೆ ಕಟ್ಟು ಹಾಕುತ್ತಾರೆ. ಅದು ದಿಗ್ಬಂಧನ. ಒಂದು ದೇಶ ಇನ್ನೊಂದರ ವ್ಯಾಪಾರ ತಡೆದಾಗ ನಮ್ಮ ಪತ್ರಿಕೆಗಳು ಬಳಸುವುದೂ ಇದೇ ಪದ.

ತತ್ತ್ವಶಾಸ್ತ್ರಕ್ಕೆ ಇದು ಬಲವಂತದ ಪ್ರಶ್ನೆ. ಕೈ ಹಿಡಿದು ಎಳೆದೊಯ್ದರೆ ಬಲಪ್ರಯೋಗ. ಅಲ್ಲಿ ನನ್ನ ಇಚ್ಛೆಗೆ ಕೆಲಸವೇ ಇಲ್ಲ. ‘ಬಾರದಿದ್ದರೆ ನಿನ್ನ ಅನ್ನ ನಿಲ್ಲಿಸುತ್ತೇನೆ’ ಎಂದರೆ ಬಲವಂತ. ಎದ್ದು ನಡೆಯಬೇಕಾದವನು ನಾನೇ. ಬೆದರಿಸಿದವನ ಗೆಲುವು ನನ್ನ ತೀರ್ಮಾನಕ್ಕೆ ಕಾಯಬೇಕು.

ಬೆಂಗಳೂರಿನ ಪೀಣ್ಯದ ಒಂದು ಶೆಡ್ಡು ಒಂದೇ ಕಂಪನಿಯ ಜಾಬ್‌ವರ್ಕ್ ನಂಬಿದೆ ಎನ್ನಿ. ಆರ್ಡರ್ ನಿಲ್ಲಿಸುತ್ತೇವೆಂದರೆ ಮಾಲೀಕ ಅವರು ಹೇಳಿದ ರೇಟಿಗೆ ಒಪ್ಪಿಯಾನು. ನಾಲ್ಕು ಕಡೆ ಗಿರಾಕಿ ಇರುವವನು ಒಪ್ಪಲಾರ. ‘ಶೆಡ್ಡನ್ನೇ ಬರೆದುಕೊಡು’ ಎಂದರೆ ಮೊದಲನೆಯವನೂ ತಿರುಗಿ ನಿಲ್ಲುತ್ತಾನೆ. ಅವಲಂಬನೆ ಎಷ್ಟು ಎಂಬುದರಷ್ಟೇ ಕೇಳುವುದು ಏನನ್ನು ಎಂಬುದೂ ಮುಖ್ಯ.

ದೇಶಗಳ ನಡುವೆಯೂ ಹೀಗೇ. 1998ರ ಮೇ 11 ಮತ್ತು 13ರಂದು ಭಾರತ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆಸಿತು. ಅಮೆರಿಕ ನಿರ್ಬಂಧ ಹೇರಿತು. ಒಂದು ಪೆಟ್ಟು ಬಿದ್ದದ್ದು ಬೆಂಗಳೂರಿಗೆ. ಹಗುರ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ದುಡಿಯುತ್ತಿದ್ದ ನಮ್ಮ ಎಂಜಿನಿಯರುಗಳು ಅರ್ಧಕ್ಕೇ ಹಿಂದಿರುಗಬೇಕಾಯಿತು. ಉಳಿದದ್ದನ್ನು ಇಲ್ಲೇ ಮುಗಿಸಿದರು. 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ವಿಮಾನ ಮೇಲೇರಿತು. ಎಂಟು ದಿಕ್ಕು ಕಟ್ಟಿದವರು ಒಳಗಿನ ದಿಕ್ಕನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆದರೂ ಇದನ್ನು ಬರೀ ವಿಜಯಗಾಥೆಯಾಗಿ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ. ಆ ವಿಮಾನದ ಎಂಜಿನ್ ಅಮೆರಿಕದ್ದೇ, ಎಫ್404. ಕಳೆದುಹೋದ ಕಾಲವೂ ನಷ್ಟವೇ. ಆದರೆ ಅಮೆರಿಕ ಕೇಳಿದ್ದು, ಅಣುಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತದ ಸಹಿ, ಸಿಗಲಿಲ್ಲ. 2001ರ ಸೆಪ್ಟೆಂಬರಿನಲ್ಲಿ ಅಮೆರಿಕವೇ ಬಹುಪಾಲು ನಿರ್ಬಂಧ ತೆಗೆಯಿತು. ನೋವಾಯಿತು, ಮಣಿಯಲಿಲ್ಲ: ಇವೆರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ನೋವು ಯಾರಿಗೆ? ಶೆಡ್ಡಿನ ಆರ್ಡರ್ ನಿಂತರೆ ಮೊದಲು ಸಂಬಳ ತಪ್ಪುವುದು ಲೇತ್ ಮೇಲೆ ನಿಂತವನಿಗೆ. 1990ರಿಂದ ವಿಶ್ವಸಂಸ್ಥೆಯ ನಿರ್ಬಂಧಕ್ಕೆ ಸಿಕ್ಕ ಇರಾಕ್‌ನಲ್ಲಿ ಹಾಗೇ ಆಯಿತು. ಜನ ರೇಷನ್ನಿಗೆ ಕೈಯೊಡ್ಡಿದರು. ಅಧ್ಯಕ್ಷ ಸದ್ದಾಂ ಹುಸೇನ್ ಗದ್ದುಗೆಯಲ್ಲೇ ಇದ್ದರು. ಅಲ್ಲಿನ ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥ ಡೆನಿಸ್ ಹ್ಯಾಲಿಡೇ 1998ರಲ್ಲಿ ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು.

ದಕ್ಷಿಣ ಆಫ್ರಿಕಾದ ಕಥೆ ಬೇರೆ. ಅಲ್ಲಿನ ವರ್ಣಭೇದದ ವಿರುದ್ಧ ಬಹಿಷ್ಕಾರ ಬೇಕೆಂದು 1959ರಲ್ಲಿ ಕೇಳಿದವರು ಆಲ್ಬರ್ಟ್ ಲುಟುಲಿ, ಅದರ ಕಷ್ಟ ಉಣ್ಣಬೇಕಾದ ಕಪ್ಪು ಜನರದೇ ನಾಯಕ. ಭಾರತ 1946ರಲ್ಲೇ ಆ ದೇಶದೊಡನೆ ವ್ಯಾಪಾರ ಕಡಿದುಕೊಂಡಿತ್ತು.