ಗೆಲ್ತೇವಾ?

ಬಾಡದ ಗದ್ದೆಬಯಲಲ್ಲಿ ಕಬಡ್ಡಿ ಪಂದ್ಯವಿದ್ದ ದಿನ ತಮ್ಮ ಕೇಳಿದ್ದ: "ಅಕ್ಕಾ, ಗೆಲ್ತೇವಾ?" ಎದುರಾಳಿಗಳ ಮೈಕಟ್ಟು ನೋಡಿದ್ದ ನಾನು "ಇಲ್ಲ" ಎಂದುಬಿಟ್ಟೆ. ಸೋತು ಬಂದ. ನನ್ನ ಮಾತೇನೋ ನಿಜವಾಯಿತು. ಆ ರಾತ್ರಿ ಅವನು ನಾನು ಬಡಿಸಿದ ಅನ್ನ ಮುಟ್ಟಲಿಲ್ಲ.

1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಹೆವಿವೇಟ್ ಬಾಕ್ಸಿಂಗ್ ಪಟ್ಟಕ್ಕಾಗಿ ಮೈಕ್ ಟೈಸನ್‌ಗೆ ಎದುರು ನಿಂತವನು ಬಸ್ಟರ್ ಡಗ್ಲಸ್. ಟೈಸನ್ 37 ಪಂದ್ಯಗಳಲ್ಲಿ ಒಮ್ಮೆಯೂ ಸೋತವನಲ್ಲ. ಬಾಜಿ ಕಟ್ಟುವವರ ದರ 42ಕ್ಕೆ 1. ಡಗ್ಲಸನ ತಾಯಿ ಮಾತ್ರ ಮಗನೇ ಗೆಲ್ಲುತ್ತಾನೆಂದು ಎಲ್ಲರಿಗೂ ಹೇಳುತ್ತಿದ್ದಳಂತೆ. ಪಂದ್ಯಕ್ಕೆ ಮೂರು ವಾರ ಮೊದಲೇ ತೀರಿಕೊಂಡಳು, ಪಾಪ. 8ನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದ ಡಗ್ಲಸ್ ಎದ್ದು, 10ನೇ ಸುತ್ತಿನಲ್ಲಿ ಟೈಸನ್‌ನನ್ನು ಕೆಡವಿದ.

ಅವನು ಸೋತಿದ್ದರೆ ಆ ತಾಯಿ ಹೇಳಿದ್ದು ಸುಳ್ಳಾಗುತ್ತಿತ್ತೇ? ನನಗೆ ಹಾಗೆನಿಸುವುದಿಲ್ಲ. ತಮ್ಮ ಅಂದು ನನ್ನಲ್ಲಿ ಭವಿಷ್ಯ ಕೇಳಿರಲಿಲ್ಲ.

ಈಗ ಅವನ ಮಗಳು ಕಬಡ್ಡಿಗೆ ಹೊರಟಿದ್ದಾಳೆ. "ಅತ್ತೇ, ಗೆಲ್ತೇವಾ?" ಎನ್ನುತ್ತಾಳೆ. ಬಾಗಿಲಲ್ಲಿ ನಿಂತ ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದಾನೆ.