ಕುಡಿ ಚಿವುಟಿದ ನಾದ

ಡಿಸ್ಟಾರ್ಷನ್ ಪೆಡಲ್ಲಿನೊಳಗೆ ಹೆಚ್ಚು ಸಾಮಾನಿಲ್ಲ. ಒಂದು ಐಸಿ, ಒಂದಿಷ್ಟು ರೆಸಿಸ್ಟರು, ಕೆಪಾಸಿಟರು, 9 ವೋಲ್ಟಿನ ಬ್ಯಾಟರಿ, ಮತ್ತೆ ತಿರುವುಮುರುವಾಗಿ ಬೆಸೆದ ಎರಡು ಡಯೋಡು. ಗಿಟಾರಿನ ಸಣ್ಣ ಸಿಗ್ನಲ್ಲನ್ನು ಐಸಿ ಹಲವು ಪಟ್ಟು ಹಿಗ್ಗಿಸುತ್ತದೆ. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟ್ ದಾಟಿದ್ದನ್ನೆಲ್ಲ ಗ್ರೌಂಡಿಗೆ ಹರಿಸಿಬಿಡುತ್ತದೆ.

ಮನೋಳಿಯ ನಮ್ಮ ಪಡಸಾಲೆಯಲ್ಲಿ ಕೂತು ಇದನ್ನು ಕಟ್ಟಿದೆ. ಮೊದಲು ಮೊಬೈಲಿನಿಂದ 200 ಹರ್ಟ್ಜಿನ ಒಂದೇ ಒಂದು ಶುದ್ಧ ಸ್ವರ ಹಾಯಿಸಿ ಆಸಿಲೋಸ್ಕೋಪಿನಲ್ಲಿ ನೋಡಿದೆ. ಗುಂಡಗೆ ಏರಿಳಿಯುತ್ತಿದ್ದ ಅಲೆಯ ನೆತ್ತಿ ಚಪ್ಪಟೆಯಾಗಿತ್ತು, ತಳವೂ ಅಷ್ಟೇ. ಕಣ್ಣಿಗೆ ಕಂಡದ್ದು ಬರೀ ಕಡಿತ. ಕಿವಿಗೆ ಬಿದ್ದದ್ದು ಮಾತ್ರ ಬೆಳೆ: 200ರ ಜೊತೆಗೆ 600, 1000, 1400, ಹೀಗೆ ಮೇಲಿನ ಬೆಸಸಂಖ್ಯೆಯ ಸ್ವರಗಳ ಸಾಲೇ ಎದ್ದಿತ್ತು. ಎರಿಹೊಲದಲ್ಲಿ ಕಡ್ಲಿಯ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದಲ್ಲ, ಹಾಗೆ. ಮರುಕಳಿಸುವ ಯಾವ ಅಲೆಯೂ ಶುದ್ಧ ಸ್ವರಗಳ ಮೊತ್ತವೇ, ಅದರಲ್ಲಿ ಮೂಲೆ ಮೂಡಬೇಕಾದರೆ ಮೇಲಿನ ಸ್ವರಗಳು ಸೇರಲೇಬೇಕು ಎಂದು ಫೂರಿಯೇಯ ಗಣಿತ ಹೇಳುತ್ತದೆ. ಕಾರಣ ತಿಳಿದ ಮೇಲೂ ನನ್ನ ಬೆರಗು ಇಳಿದಿಲ್ಲ.

ಗಿಟಾರು ಜೋಡಿಸಿ ಷಡ್ಜ ಪಂಚಮ ಕೂಡಿಸಿ ಮೀಟಿದಾಗ ಅದು ಇನ್ನಷ್ಟು ಏರಿತು. ಒಂದು 200, ಇನ್ನೊಂದು 300 ಅಂದುಕೊಳ್ಳಿ. ಅಡಿಯಲ್ಲಿ 100ರ ಮಂದ್ರ ಷಡ್ಜ ಗುಂಯ್‌ಗುಡುತ್ತದೆ. ಆ ಸ್ವರವನ್ನು ಯಾರೂ ಮೀಟಿಲ್ಲ. ಎರಡು ಸ್ವರ ಒಟ್ಟಿಗೇ ಕತ್ತರಿಗೆ ಸಿಕ್ಕಿದ್ದರಿಂದ ಹುಟ್ಟಿದ್ದು ಅದು.

ಈ ದನಿ ಪೆಡಲ್ಲಿಗೆ ಬಂದದ್ದೂ ಒಂದು ಆಕಸ್ಮಿಕದಿಂದ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಧ್ವನಿಮುದ್ರಣದಲ್ಲಿ ನ್ಯಾಶ್‌ವಿಲ್ಲಿನ ಸ್ಟುಡಿಯೋದ ಉಪಕರಣ ಕೆಟ್ಟು ಬೇಸ್ ಗಿಟಾರು ಗೊರಗುಟ್ಟಿತು. ಕೇಳಿದವರಿಗೆ ಅದೇ ಹಿಡಿಸಿತು. ಇಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಡುಕನ್ನೇ ಸರ್ಕ್ಯೂಟಿಗೆ ಇಳಿಸಿದರು. 1962ರಲ್ಲಿ ಮೇಸ್ಟ್ರೋ ಫಜ್‌ಟೋನ್ ಪೇಟೆಗೆ ಬಂತು.

ಒಳಗಿನಿಂದ ಚಿಗವ್ವ ಬಂದು ನಿಂತು ಕೇಳಿದಳು. "ಎಪ್ಪಾ, ಇದರಾಗ ಗುಡ್ಡದ ಚೌಡ್ಕಿ ದನಿ ಬಂತಲ್ಲೋ!" ಅಂದಳು.

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ಕಂಕುಳಲ್ಲಿ ಹಿಡಿದು ಮೀಟುವ ಚೌಡ್ಕಿಗೆ ಇರುವುದು ಒಂದೇ ತಂತಿ. ಅದರ ಒಂದು ತುದಿ ಚರ್ಮದ ನಡುವೆ, ಇನ್ನೊಂದು ಕೋಲಿನ ಬಿರಟೆಯಲ್ಲಿ. ಬಿಗಿ ಬದಲಾದಂತೆ ಸ್ವರ ಜಾರುತ್ತದೆ. ಅಲ್ಲಿ ಡಯೋಡೂ ಇಲ್ಲ, ಕಡಿತವೂ ಇಲ್ಲ, ಆದರೂ ಚಿಗವ್ವನ ಕಿವಿಯನ್ನು ನಾನು ನಂಬುತ್ತೇನೆ. ನುಣುಪು ದನಿಯಷ್ಟಕ್ಕೇ ತೃಪ್ತಿಪಟ್ಟ ಕಿವಿ ನಮ್ಮದಲ್ಲ. ಮಿರಜಿನಲ್ಲಿ ಮಾಡಿದ ತಾನಪುರ ಧಾರವಾಡದ ಬೈಠಕ್ಕಿನಲ್ಲಿ ಜೀವ ತಳೆಯುವುದು ಕುದುರೆಯ ಮೇಲೆ ತಂತಿಯಡಿ ದಾರದ ಎಳೆ ಸರಿಸಿ ಜವಾರಿ ಎಂಬ ಝೇಂಕಾರ ಹೊಂದಿಸಿದಾಗ. ತಂತಿಯನ್ನು ಇಂಥ ಕಡೆ ಮೀಟಿದರೆ ಇಂಥ ಸ್ವರಾಂಶ ಹುಟ್ಟಬಾರದು ಎಂದು ಹಳೆಯ ನಿಯಮವೊಂದಿತ್ತು. ತಾನಪುರದಲ್ಲಿ ಅದೂ ಹುಟ್ಟುತ್ತದೆ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು.

ಈಗ ಪೆಡಲ್ಲಿನಲ್ಲಿ ಒಂದು ಬದಿಗೆ ಎರಡು ಡಯೋಡು, ಇನ್ನೊಂದು ಬದಿಗೆ ಒಂದೇ ಹಾಕಿದ್ದೇನೆ. ಮೇಲಿನ ಕಡಿತ ಬೇರೆ, ಕೆಳಗಿನದು ಬೇರೆಯಾದರೆ 400, 800 ಕೂಡ ಬರಬೇಕು. ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋದಾಗ ಜೋಗತಿಯೊಬ್ಬರನ್ನು ಕೇಳಿಕೊಂಡು ಚೌಡ್ಕಿ ರೆಕಾರ್ಡ್ ಮಾಡಿ ತರಬೇಕು. ಎರಡರ ಅಲೆಯನ್ನೂ ಒಂದೇ ಪರದೆಯ ಮೇಲೆ ನೋಡುವ ಆಸೆ ಹತ್ತಿದೆ.